ಬಂಡೂರಿನ ಚಿರತೆಯವರಿಗೆ, ನನ್ನ ಅರ್ಜಿ ಕೆಡಿಸಿದ ಕುರಿತು

ಮದ್ದೂರು
೧೪ ಫೆಬ್ರವರಿ ೧೯೪೧

ಮಲವಳ್ಳಿ ತಾಲ್ಲೂಕು ಬಂಡೂರಿನ ಹೊರಗಿನ ಕರಿಬಂಡೆಗಳಲ್ಲಿ ಸುಖವಾಗಿ ವಾಸಿಸುತ್ತಿರುವ ಶ್ರೀಮಾನ್ ಚಿರತೆಯವರ ಸನ್ನಿಧಾನಕ್ಕೆ, ಮದ್ದೂರಿನ ನಯಾಜ್ ಪಾಷಾ ಎಂಬ ನಿರುದ್ಯೋಗಿಯು ಸಾಕಷ್ಟು ದೂರದಲ್ಲಿ ನಿಂತು ಮಾಡುವ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ಕಾಣುವುದಿಲ್ಲ. ಚಿಕ್ಕಬೋರಮ್ಮನವರ ಟಗರನ್ನು ಒಂದೇ ಊಟಕ್ಕೆ ಮುಗಿಸಿದವರು ಕ್ಷೇಮವಾಗಿಯೇ ಇರುತ್ತಾರೆ. ಕ್ಷೇಮವಿಲ್ಲದವನು ನಾನು, ಅದಕ್ಕೆ ಕಾರಣ ತಾವು. ತಮಗೆ ಓದು ಬಾರದೆಂದು ಕೇಳಿರುವುದರಿಂದ ಈ ದೂರನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಓದು ಬಲ್ಲವರು ಯಾರಾದರೂ ಮರವೇರಿ ಕೂತು ತಮಗೆ ಗಟ್ಟಿಯಾಗಿ ಓದಿ ಹೇಳಲಿ.

ಮದ್ದೂರಿನ ಟೆಂಟು ಸಿನಿಮಾದವರು ಗಂಟುಮೂಟೆ ಕಟ್ಟಿಕೊಂಡು ಹೋಗುವ ತನಕ ಜಟಕಾದಲ್ಲಿ ಕೂತು, ತಗಡಿನ ಕೊಳವೆಯನ್ನು ಬಾಯಿಗಿಟ್ಟು, ಬೀದಿಬೀದಿಯಲ್ಲಿ ಆಟದ ಸುದ್ದಿ ಸಾರುತ್ತಿದ್ದವನು ನಾನು. ಆಮೇಲೆ ಆರು ತಿಂಗಳು ಮನೆಯಲ್ಲೇ ಬಿದ್ದಿದ್ದೆ. ನನ್ನ ತಾಯಿ ಸುಲ್ತಾನ್ ಬೀ ಊರವರ ಬಟ್ಟೆ ಹೊಲಿದು ಹಾಕುತ್ತಿದ್ದ ಅನ್ನ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೂ ತಿನ್ನುತ್ತಿದ್ದೆ. ಅಷ್ಟರಲ್ಲಿ ಮಂಡ್ಯದಲ್ಲಿ ಹೊಸದಾಗಿ ಹುಟ್ಟಿದ ಕಾಡುಪ್ರಾಣಿ ಹಿತರಕ್ಷಣಾ ಸಂಘಕ್ಕೆ, ಹಳ್ಳಿಹಳ್ಳಿಗೆ ಹೋಗಿ ತಮ್ಮಂಥವರ ಪರವಾಗಿ ಮಾತನಾಡಲು ಒಬ್ಬ ಪ್ರಚಾರಕ ಬೇಕೆಂದು ತಿಳಿಯಿತು. ಷರತ್ತು ಒಂದೇ: ಅರ್ಜಿದಾರನು ಯಾವುದಾದರೊಂದು ಊರಿನಲ್ಲಿ ಭಾಷಣ ಮಾಡಿ, ಇನ್ನೊಂದು ವರ್ಷ ಚಿರತೆಯನ್ನು ಕೊಲ್ಲುವುದಿಲ್ಲವೆಂಬ ಕಾಗದಕ್ಕೆ ಊರವರ ಹೆಬ್ಬೆಟ್ಟು ಒತ್ತಿಸಿ ತರಬೇಕು. ಬಾಯಿಂದಲೇ ಬದುಕಿದವನಿಗೆ ಇದನ್ನು ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು.

ಕುರಿಗೆ ಹೆಸರಾದ ಊರಲ್ಲೇ ಗೆದ್ದು ತೋರಿಸೋಣವೆಂದು ಬಂಡೂರನ್ನು ಆರಿಸಿಕೊಂಡೆ. ಅಲ್ಲಿ ಹೊತ್ತು ಮುಳುಗುವಾಗ ಅಂಕಯ್ಯ ಎಂಬ ಹಿರಿಯರು ಖಾಲಿ ಸೀಮೆಎಣ್ಣೆ ಡಬ್ಬವನ್ನು ಬಡಿಯುತ್ತ ಕುರಿದೊಡ್ಡಿಗಳನ್ನು ಸುತ್ತುವುದು, ಆ ಸದ್ದು ನಿಲ್ಲುವುದರೊಳಗೆ ಹೆಂಗಸರು ದೊಡ್ಡಿಗಳ ಬಾಯಿಗೆ ಅಡ್ಡವಾಗಿ ಮುಳ್ಳುಕಂಟಿ ಎಳೆಯುವುದು ಪದ್ಧತಿ. ನನ್ನ ಭಾಷಣ ಸರಿಯಾಗಿ ಆ ಹೊತ್ತಿಗೇ ಬಿತ್ತು. ಡಬ್ಬದ ಸದ್ದಿನಲ್ಲಿ ನನ್ನ ಒಳ್ಳೊಳ್ಳೆಯ ಮಾತುಗಳು ಮುಳುಗಿಹೋಗುತ್ತವೆಂದು ಅಂಕಯ್ಯನವರನ್ನು ಕರೆಸಿ, ಡಬ್ಬವನ್ನು ತೊಡೆಯ ಮೇಲಿಡಿಸಿ, ಮುಂದಿನ ಸಾಲಿನಲ್ಲಿ ಕೂರಿಸಿದೆ. "ಒಂದ್ ಸುತ್ತು ಬಡ್ದುಬುಟ್ಟು ಬತ್ತೀನಿ ಕಣ್ ಸಾಬ್ರೇ" ಎಂದು ಅವರು ಎದ್ದಾಗ, ಚಿರತೆಯು ಸ್ವಭಾವತಃ ನಾಚಿಕೆಯ ಪ್ರಾಣಿ, ಜನ ಸೇರಿದ ಕಡೆ ಸುಳಿಯುವುದಿಲ್ಲ ಎಂದು ನಾನೇ ಭರವಸೆ ಕೊಟ್ಟು ಕೂರಿಸಿದೆ. ಡಬ್ಬದ ಸದ್ದೇ ಕೇಳಿಸದಿದ್ದರಿಂದ ಮುಳ್ಳು ಎಳೆಯುವ ಹೊತ್ತಾಯಿತೆಂಬುದು ಹೆಂಗಸರಿಗೂ ಹೊಳೆಯಲಿಲ್ಲ.

ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. "ಚಿರತೆ ನಮ್ಮ ನೆರೆಮನೆಯವನಿದ್ದಂತೆ" ಎಂದು ನಾನು ಹೇಳಿ ಮುಗಿಸಿ, ಶಾಯಿಯ ಡಬ್ಬಿ ತೆರೆದು, ಇನ್ನೇನು ನಾಲ್ಕು ಹೆಬ್ಬೆಟ್ಟುಗಳು ಕಾಗದದ ಮೇಲೆ ಬೀಳಬೇಕು, ಅಷ್ಟರಲ್ಲಿ ತಾವು ನೆರೆಮನೆಯವರಂತೆಯೇ ನಡೆದುಬಂದು ಬಿತ್ತನೆಯ ಟಗರನ್ನು ಎತ್ತಿಕೊಂಡು ಹೋದಿರಿ. ಆ ಬೀದಿಯ ಅರ್ಧ ಮರಿಗಳಿಗೆ ತಂದೆ ಅದು. ಶಾಯಿ ಹಚ್ಚಿದ ನಾಲ್ಕು ಹೆಬ್ಬೆಟ್ಟುಗಳೂ ಬಿದ್ದದ್ದು ನನ್ನ ಬಿಳಿಯ ಅಂಗಿಯ ಕೊರಳಪಟ್ಟಿಯ ಮೇಲೆ. ಬಿಡಿಸಿದವರು ಟಗರು ಕಳೆದುಕೊಂಡ ಚಿಕ್ಕಬೋರಮ್ಮನವರೇ. "ಅದ್ಕೇನ್ ಗೊತ್ತು, ಒಟ್ಟೆ ಅಸ್ದಿತ್ತು, ಬಂತು. ಡಬ್ಬ ನಿಲ್ಲುಸ್ದೋನು ನೀನು ಕಣಪ್ಪ" ಎಂದಷ್ಟೇ ಹೇಳಿ, ಕೈಯಲ್ಲಿದ್ದ ಹುರುಳಿಯನ್ನು ಖಾಲಿ ದೊಡ್ಡಿಯ ಮುಂದೆ ಸುರಿದು ಹೋದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂಕಯ್ಯನವರಂತೂ ಈಗ ನನ್ನನ್ನು ಕಂಡರೆ ಡಬ್ಬವನ್ನು ಎದೆಗವಚಿಕೊಳ್ಳುತ್ತಾರೆ.

ನಡೆದದ್ದನ್ನು ಒಂದಕ್ಷರವೂ ಮುಚ್ಚಿಡದೆ ಸಂಘಕ್ಕೆ ಬರೆದು ಅರ್ಜಿ ಕಳಿಸಿದ್ದೇನೆ. ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ತಾವು ದಯಮಾಡಿ ಬೆಳಗಿನ ರೈಲಿನಲ್ಲಿ ಮಂಡ್ಯಕ್ಕೆ ತೆರಳಿ, ಕಾರ್ಯದರ್ಶಿಗಳ ಮುಂದೆ ಮುಂಗಾಲು ಕಟ್ಟಿ ನಿಂತು, ನಯಾಜ್ ಪಾಷಾನ ಭಾಷಣದಲ್ಲಿ ಯಾವ ದೋಷವೂ ಇರಲಿಲ್ಲವೆಂದೂ, ತಮಗೆ ಮಾತ್ರ ಅದು ಅರ್ಥವಾಗಲಿಲ್ಲವೆಂದೂ ಹೇಳಿಕೆ ಕೊಡಬೇಕು. ಬರುವ ದಾರಿಯಲ್ಲಿ ಬಂಡೂರಿಗೆ ಹೋಗಿ ಚಿಕ್ಕಬೋರಮ್ಮನವರ ಕ್ಷಮೆ ಕೇಳಬೇಕು. ನಾನು ಮೂರು ಸಲ ಕೇಳಿಯಾಯಿತು, ಮುಖ ಎತ್ತಿ ನೋಡಲಾಗಲಿಲ್ಲ. ಮುಂದಿನ ಭಾಷಣದ ದಿನ ತಾವು ಸೊಪ್ಪುಸದೆ ತಿಂದು ಕಾಲ ಕಳೆಯುವುದಾದರೆ ಇನ್ನೂ ಉಪಕಾರ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿಯೆಂದು ಹೇಳಿಕೊಳ್ಳಲು ಹಿಂಜರಿಯದ,
ನಯಾಜ್ ಪಾಷಾ

ವಿ.ಸೂ.: ಮೇಲಿನ ದೂರನ್ನೆಲ್ಲ ಮರೆತುಬಿಡಿ. ಇಷ್ಟು ಬರೆದು ಮುಗಿಸಿದ ಮೇಲೆ ಸಂಘದ ಉತ್ತರ ಬಂತು. ಹುದ್ದೆಗೆ ನಾನು ತಕ್ಕವನಲ್ಲವಂತೆ. ಸಂಘದ ಭಾಷಣಕ್ಕೆ ಅಡ್ಡಿಪಡಿಸುವ ಪ್ರಾಣಿ ಹಿತರಕ್ಷಣೆಗೆ ತಕ್ಕದ್ದಲ್ಲವಂತೆ. ಪ್ರಾಣಿಗಳೆಂದರೆ ಪ್ರಾಣ ಬಿಡುವ ಐವರು ಸದಸ್ಯರು ಭಾನುವಾರ ಬಂದೂಕು ಹಿಡಿದು ಬರುತ್ತಾರೆ. ಬಂಡೂರಿಗೆ ಓಡಿಹೋಗಿ ಸುದ್ದಿ ಹೇಳಿದಾಗ ಚಿಕ್ಕಬೋರಮ್ಮನವರು, "ಟಗ್ರು ಕಳ್ಕಂಡೋಳು ನಾನು, ಇವ್ರಿಗ್ಯಾಕಂತೆ ಬಂದೂಕ?" ಅಂದರು. ತಮ್ಮ ಬಗ್ಗೆ ನನಗೆಷ್ಟು ಗೊತ್ತೆಂದು ತೋರಿಸಲು ಅರ್ಜಿಯ ಜೊತೆ ಒಂದು ನಕ್ಷೆಯನ್ನೂ ಇಟ್ಟಿದ್ದೆ. ತಾವು ಬಿಸಿಲು ಕಾಯುವ ಬಂಡೆಯನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದೆ. ಎಲ್ಲಿದ್ದೀರೆಂದು ತಿಳಿದರೆ ಕಾಪಾಡುತ್ತಾರೆ ಅಂದುಕೊಂಡಿದ್ದೆ. ನಕ್ಷೆ ಬಹಳ ಚೆನ್ನಾಗಿದೆಯೆಂದು ಕಾರ್ಯದರ್ಶಿಗಳು ಮೆಚ್ಚಿ ಬರೆದಿದ್ದಾರೆ. ಕೈಮುಗಿದು ಕೇಳುತ್ತೇನೆ, ಶನಿವಾರದೊಳಗೆ ಜಾಗ ಖಾಲಿ ಮಾಡಿ. ಹೊಸ ವಿಳಾಸವನ್ನು ಯಾರಿಗೂ ಕೊಡಬೇಡಿ, ನನಗಂತೂ ಕೊಡಲೇಬೇಡಿ.