ಕಂಪ್ಯೂಟರ್ ಕಂಡ ಜ್ವರ

ತಾನು ಇನ್ನೇನು ಸಾಯಲಿದ್ದೇನೆಂಬ ಸುದ್ದಿ ಚಂದವ್ವನಿಗೆ ಗೊತ್ತಾದದ್ದು ಓಣಿಯವರೆಲ್ಲರಿಗಿಂತ ಕಡೆಗೆ. ಇಳಕಲ್ಲಿನ ಆ ನೇಕಾರರ ಓಣಿಯಲ್ಲಿ ಜನ ಅದನ್ನು ಚಹಾದ ಜೊತೆ ಕುಡಿದು, ಎಲೆ ಅಡಿಕೆಯ ಜೊತೆ ಅಗಿದು ಮುಗಿಸುವ ಹೊತ್ತಿಗೆ ಆಕೆ ಹಿತ್ತಲಿನಲ್ಲಿ ಕುದಿಯುವ ಹಂಡೆಯ ಮುಂದೆ ನಿಂತು, ಕೋಲಿಗೆ ಹಾಕಿದ ರೇಷ್ಮೆ ನೂಲಿನ ಲಡಿಗಳನ್ನು ಬಣ್ಣದಲ್ಲಿ ತಿರುವುತ್ತಿದ್ದಳು. ಸೆರಗು ಸೊಂಟಕ್ಕೆ ಬಿಗಿದಿತ್ತು. ಕೈ ಮೊಣಕೈವರೆಗೂ ದಾಳಿಂಬರಿ ಕೆಂಪು. ಸಾಯುವವರ ಲಕ್ಷಣ ಒಂದೂ ಇರಲಿಲ್ಲ.

ಎಲ್ಲಕ್ಕೂ ಕಾರಣ ಒಂದು ಹನಿ ರಕ್ತ. ಹಿಂದಿನ ತಿಂಗಳು ಓಣಿಯಲ್ಲಿ ಅಲ್ಲಲ್ಲಿ ಚಳಿಜ್ವರ ಕಾಣಿಸಿಕೊಂಡಾಗ, ಜ್ವರದ ರಾಚಯ್ಯನೆಂದೇ ಹೆಸರಾಗಿದ್ದ ಸರಕಾರಿ ದವಾಖಾನೆಯ ನೌಕರನೊಬ್ಬ ಮನೆಮನೆಗೆ ಬಂದು ಬೆರಳು ಚುಚ್ಚಿ, ಗಾಜಿನ ತುಂಡುಗಳ ಮೇಲೆ ಒಂದೊಂದು ಹನಿ ರಕ್ತ ಒಯ್ದಿದ್ದ. ಚಂದವ್ವ ಹಂಡೆ ಬಿಟ್ಟು ಕದಲಲೂ ಇಲ್ಲ. "ಲಗೂ ಚುಚ್ಚೋ ಮಾರಾಯಾ, ಲಡಿಗೆ ಕಲೆ ಬಿದ್ದೀತು" ಎಂದು ಎಡಗೈಯನ್ನು ಹಿಂದಕ್ಕೆ ಚಾಚಿದ್ದಳು, ಅಷ್ಟೇ. ಆ ಗಾಜುಗಳು ಯಾವುದೋ ದೊಡ್ಡ ಊರಿಗೆ ಹೋದವು. ಅಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕಟ್ಟಿ ರಕ್ತದ ಚಿತ್ರ ತೆಗೆದು, ಚಿತ್ರದೊಳಗಿನ ಕಪ್ಪು ಚುಕ್ಕೆಗಳನ್ನು ಕಂಪ್ಯೂಟರಿನಿಂದ ಎಣಿಸುತ್ತಿದ್ದರು. ಚುಕ್ಕೆ ಎಂದರೆ ರೋಗದ ಕ್ರಿಮಿ. ಎಣಿಸಿದ ಮೇಲೆ ಅದೇ ಕಂಪ್ಯೂಟರ್ ಲೆಕ್ಕ ಹಾಕಿ, ಜ್ವರ ಯಾವ ಮನೆಯಿಂದ ಹೊರಟು ಯಾವ ಮನೆಗೆ ಹೋದೀತು ಎಂದು ನಕ್ಷೆಯನ್ನೂ ಬರೆದುಕೊಡುತ್ತಿತ್ತು. ಎಂಬತ್ತೇಳನೆಯ ಇಸವಿ ಅದು. ಓಣಿಯವರು ಯಾರೂ ಕಂಪ್ಯೂಟರ್ ನೋಡಿರಲಿಲ್ಲ. ಹಾಗಾಗಿ ಅದನ್ನು ಪೂರ್ತಿಯಾಗಿ ನಂಬಿದ್ದರು.

ಸುದ್ದಿ ತಂದವಳು ಪಕ್ಕದ ಮನೆಯ ಗುರುಲಿಂಗವ್ವ. ಹಿತ್ತಲ ಗೋಡೆಯ ಮೇಲಿಂದ ಕತ್ತು ಚಾಚಿದವಳ ಕಣ್ಣಲ್ಲಿ ಆಗಲೇ ನೀರು.

"ಯವ್ವಾ ಚಂದವ್ವಾ, ಇನ್ನೂ ನಿಂತೀಯೇನ?"

"ನಿಲ್ಲದ ಮಲಕ್ಕೊಂಡು ಬಣ್ಣಾ ಹಾಕ್ಲೇನು?"

"ರಾಚಯ್ಯಗ ಕಾಗದ ಬಂದೈತಿ. ಇಂಥಾ ರಕ್ತ ಆ ಮಶೀನ ಕಂಡs ಇಲ್ಲಂತ. ನಿನ್ನ ಮೈಯಾಗ ಹುಳಾ ಹ್ಯಾಂಗ ಅದಾವಂದ್ರ, ಸಂತ್ಯಾಗ ಮಂದಿ ಇದ್ದಂಗಂತ. ಡಾಕ್ಟರು ಜೀಪ ತಗೊಂಡು ಬರಾಕತ್ತಾರ."

"ಬರ್ಲಿ. ಅವರ ಕೈಯಾಗೂ ಒಂದ ಕೋಲು ಕೊಡ್ತೇನಿ, ಲಡಿ ತಿರುವ್ಲಿ."

"ಸಿಟ್ಟಾಗಬ್ಯಾಡ ತಂಗಿ. ಹುಳಾ ತಲಿಗೆ ಏರಿದ್ರ ಹಿಂಗ ಸಿಟ್ಟು ಬರ್ತೈತಂತ."

ಆ ಮಾತಿಗೆ ಚಂದವ್ವನ ಸಿಟ್ಟು ನಿಜವಾಗಿಯೂ ಏರಿತು. ಅದನ್ನು ಕಂಡು ಗುರುಲಿಂಗವ್ವನಿಗೆ ರೋಗ ಖಾತ್ರಿಯಾಯಿತು.

ಅಷ್ಟರಲ್ಲಿ ಗಂಡ ಕಲ್ಲಪ್ಪ ಓಡಿಬಂದು ಹೆಂಡತಿಯ ಹಣೆ ಮುಟ್ಟಿದ. "ಕಾದ ಹಂಚಿನಂಗ ಸುಡಾಕತ್ತೈತಲ್ಲs!"

"ಮುಂಜಾನಿಂದ ಒಲಿ ಮುಂದ ನಿಂತೇನಿ. ನಿಮ್ಮ ಹಣಿನೂ ಇಲ್ಲಿ ತಂದು ಇಡ್ರಿ, ಅದೂ ಸುಡ್ತೈತಿ!"

ಕಲ್ಲಪ್ಪ ವಾದ ಮಾಡುವವನಲ್ಲ. ಹೋಗಿ ಕಟ್ಟೆಯ ಮೇಲೆ ಕೂತು ಧೋತರದ ತುದಿಯಿಂದ ಮೂಗು ಒರೆಸಿಕೊಳ್ಳತೊಡಗಿದ. ಕಂಡವರಿಗೆ ಅದು ಸಾವಿನ ಮನೆಯಂತೆಯೇ ಕಾಣಿಸಿತು. ಗುರುಲಿಂಗವ್ವ ಇದೇ ಸಮಯವೆಂದು ಒಳಗೆ ನುಗ್ಗಿ, ತೊಟ್ಟಿಲಲ್ಲಿ ಆಗತಾನೇ ನಿದ್ದೆಯಿಂದ ಎದ್ದಿದ್ದ ಕೂಸು ಮಾಯವ್ವನನ್ನು ಎತ್ತಿಕೊಂಡಳು. "ಕೂಸಿಗೆ ಹತ್ತೀತು, ನನ್ನ ಕಡೆ ಇರ್ಲಿ" ಎನ್ನುತ್ತ ಹೊರಟೇಬಿಟ್ಟಳು.

ಗೋಡೆಯಾಚೆ ಕೂಸು ಅಳತೊಡಗಿತು. ಲಡಿ ಬಿಟ್ಟರೆ ಬಣ್ಣ ಕೆಡುತ್ತದೆ, ಬಿಡದಿದ್ದರೆ ಮನಸ್ಸು ಕೆಡುತ್ತದೆ. ಚಂದವ್ವ ಕೋಲನ್ನು ಗಟ್ಟಿಯಾಗಿ ಹಿಡಿದು, "ಮಾಯಾ, ಅಳಬ್ಯಾಡ ನನ್ನ ಬಂಗಾರಾ, ಇಲ್ಲೇ ಅದೇನಿ" ಎಂದು ಕೂಗಿ, ಅದೇ ಉಸಿರಿನಲ್ಲಿ ಗುರುಲಿಂಗವ್ವನ ಏಳು ತಲೆಮಾರನ್ನು ಬೈದಳು. ಗುರುಲಿಂಗವ್ವ ಆಚೆಯಿಂದ, "ಜಾಸ್ತಿ ಆಗಾಕತ್ತೈತಿ, ಲಗೂ ಬರ್ರಿ!" ಎಂದು ಓಣಿಗೆ ಸಾರಿದಳು.

ಇಷ್ಟಾದರೂ ಚಂದವ್ವ ತಡೆದುಕೊಳ್ಳುತ್ತಿದ್ದಳೇನೋ. ಆದರೆ ನೇಕಾರರು ಬಂದರು.

ಓಣಿಯಲ್ಲಿ ಚಂದವ್ವನ ಕೆಂಪಿಗೆ ಹೆಸರಿತ್ತು. ಆಕೆ ಹಾಕಿದ ಬಣ್ಣ ಎಷ್ಟು ಒಗೆದರೂ ಬಿಡುವುದಿಲ್ಲ, ಸೆರಗಿನ ಕೆಂಪಿನ ನಡುವೆ ನೇಯುವ ಬಿಳಿ ತೆನೆಯ ಚಿತ್ತಾರಕ್ಕೆ ಹತ್ತುವುದಿಲ್ಲ ಎಂದು ಎಲ್ಲರೂ ಸೆರಗಿನ ರೇಷ್ಮೆಯನ್ನು ಆಕೆಗೇ ಕೊಡುತ್ತಿದ್ದರು. ಆ ಹೆಸರಿನ ಮೇಲೆಯೇ ಮನೆ ನಡೆಯುತ್ತಿತ್ತು, ಮಾಯವ್ವನಿಗೆ ಹಾಲು ಬರುತ್ತಿತ್ತು. ಈಗ ಲಗ್ನದ ದಿನಗಳು ಹತ್ತಿರ ಬಂದಿದ್ದವು. ಹಿತ್ತಲ ತುಂಬ ಮದುವೆ ಸೀರೆಯ ಲಡಿಗಳು ಒಣಗುತ್ತಿದ್ದವು.

ಮೊದಲು ಬಂದವನು ಈರಪ್ಪ. ಮೂಗಿಗೆ ಟಾವೆಲ್ ಸುತ್ತಿಕೊಂಡು ಬಾಗಿಲಲ್ಲೇ ನಿಂತ.

"ಯಕ್ಕಾ, ನನ್ನ ಲಡಿ ಕೊಟ್ಟಬಿಡು."

"ಇನ್ನೂ ಹಸಿ ಅದಾವೋ."

"ಹಸೀವ ಇರ್ಲಿ."

"ಯಾಕೋ? ನನ್ನ ಕೈಯಾಗ ಏನ ಬ್ಯಾನಿ ಕಂಡಿ ನೀ?"

"ನಾ ಎಲ್ಲಿ ಕಾಣ್ಲಿ ಯಕ್ಕಾ. ಮಶೀನ ಕಂಡೈತಿ."

ಹೇಳಿ, ಸತ್ತ ಹಾವನ್ನು ಎತ್ತುವವರಂತೆ ಕೋಲಿನ ತುದಿಯಿಂದ ಲಡಿಗಳನ್ನು ಎತ್ತಿಕೊಂಡ. ಅವನ ಹಿಂದೆ ಬಂದವನು ಬಂಡೆಪ್ಪ ಸಾವ್ಕಾರ. ಓಣಿಯ ಅರ್ಧ ಮಗ್ಗಗಳು ಅವನವು.

"ತಪ್ಪು ತಿಳೀಬ್ಯಾಡ ಚಂದವ್ವಾ. ಮದುವಿ ಸೀರಿ. ಉಟ್ಟ ಮದುಮಗಳು ಅಕ್ಕಿಕಾಳಿಗೆ ನಿಂತು ಗಡಗಡ ನಡುಗಿದ್ರ ಹೆಸರು ಯಾರದು ಹೋಗ್ತೈತಿ?"

"ಸಾವ್ಕಾರ್ರ, ಜ್ವರ ಸೀರಿಗೆ ಹತ್ತೂದಿಲ್ರಿ!"

"ಹತ್ತೂದಿಲ್ಲಂತ ಮಶೀನ ಬರದಕೊಡ್ಲಿ, ಆಮ್ಯಾಲೆ ನೋಡೂಣು."

ಆಳುಗಳು ಒಣಗುವ ಲಡಿಗಳನ್ನೆಲ್ಲ ಕಿತ್ತು ಓಣಿಯ ಕಟ್ಟೆಯ ಮೇಲೆ ರಾಶಿ ಹಾಕಿದರು. ಹಿತ್ತಲು ಬೋಳಾಯಿತು. ಚಂದವ್ವನ ಮೈಯೆಲ್ಲ ಸಿಟ್ಟಿನಿಂದ ನಡುಗತೊಡಗಿತು. ಸರಿಯಾಗಿ ಆಗಲೇ ಜೀಪು ಬಂದು ನಿಂತಿತು.

ಇಳಿದವನು ಕನ್ನಡಕದ ಎಳೆಯ ಡಾಕ್ಟರು, ಬೆಂಗಳೂರು ಕಡೆಯವನು. ಹಿಂದೆ ರಾಚಯ್ಯ. ಡಾಕ್ಟರು ಕಟ್ಟೆಯ ಮೇಲೆ ಉದ್ದನೆಯ ಕಾಗದವೊಂದನ್ನು ಬಿಡಿಸಿದ. ಎರಡೂ ಅಂಚಿಗೆ ಸಾಲಾಗಿ ತೂತು. "ಕಾಗದಕ್ಕೂ ದಡಿ ಐತಲ್ಲವ್ವಾ!" ಎಂದಳು ಗುರುಲಿಂಗವ್ವ. ನಕ್ಷೆಯ ನಡುವೆ ಚಂದವ್ವನ ಮನೆ. ಅದರ ಸುತ್ತ, ಬಾವಿಗೆ ಕಲ್ಲು ಒಗೆದಾಗ ಏಳುವ ತೆರೆಗಳಂತೆ ಗೆರೆಗಳು ಓಣಿಯ ತುದಿಯವರೆಗೂ ಹರಡಿದ್ದವು. ಜನ ತಮ್ಮ ತಮ್ಮ ಮನೆ ಎಷ್ಟನೆಯ ತೆರೆಯಲ್ಲಿದೆಯೆಂದು ಹುಡುಕಿ ಹಿಂದೆ ಸರಿದರು.

"ನೋಡಿ ತಾಯಿ, ಲೆಕ್ಕದ ಪ್ರಕಾರ ನಿಮಗೆ ಇಷ್ಟು ಹೊತ್ತಿಗೆ ಎಚ್ಚರ ತಪ್ಪಿರಬೇಕಿತ್ತು" ಎಂದ ಡಾಕ್ಟರು.

"ತಪ್ಪಿಲ್ಲಲ್ರಿ."

"ಅದೇ ನಮಗೂ ಅರ್ಥವಾಗ್ತಿಲ್ಲ. ಚಳಿ, ನಡುಕ ಏನಾದರೂ ಇದೆಯಾ?"

"ಸಿಟ್ಟಿಗೆ ನಡಗಾಕತ್ತೇನಿ!"

"ನಡುಕ ಐತ್ರಿ ಸರ್" ಎಂದು ರಾಚಯ್ಯ ಡಾಕ್ಟರನ ಕಿವಿಯಲ್ಲಿ ಉಸುರಿದ.

ಚಂದವ್ವನ ತಾಳ್ಮೆ ಅಲ್ಲಿಗೆ ಹರಿಯಿತು. ಬಣ್ಣದ ಕೋಲು ಹಿಡಿದುಕೊಂಡೇ ಓಣಿಗೆ ಇಳಿದಳು. "ಕೂಸು ಒಯ್ದ್ರಿ, ಲಡಿ ಒಯ್ದ್ರಿ, ಇನ್ನೇನು ಹೆಣಾ ಒಯ್ಯಾಕ ಬಂದೀರೇನು? ತಗೋರಿ ಬೆರಳು! ಇನ್ನೊಮ್ಮಿ ಚುಚ್ಚರಿ! ಈಗಿಂದೀಗ, ಎಲ್ಲಾರ ಮುಂದs ಚುಚ್ಚರಿ!"

ಆ ಕೋಲಿನ ಮುಂದೆ ಇಲ್ಲವೆನ್ನುವ ಧೈರ್ಯ ಡಾಕ್ಟರಿಗಿರಲಿಲ್ಲ. ಅರಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಆಕೆಯ ಬೆರಳು ಒರೆಸಿದ. ಅರಳೆ ಕೆಂಪಾಯಿತು. ಬಿಸಾಕಿ ಇನ್ನೊಂದು ತೆಗೆದುಕೊಂಡ. ಅದೂ ಕೆಂಪಾಯಿತು. ಉಗುರಿನ ಸಂದಿಯಿಂದ ಕಪ್ಪು ಕೆಂಪು ಪುಡಿ ಎದ್ದು ಬಂತು. ಡಾಕ್ಟರು ನಿಧಾನವಾಗಿ ರಾಚಯ್ಯನ ಕಡೆ ತಿರುಗಿದ.

"ಅವತ್ತು ಬೆರಳು ಒರೆಸಿ ಚುಚ್ಚಿದಿರಾ?"

"ಆಕಿ ಲಗೂ ಲಗೂ ಅಂದ್ಲ್ರಿ ಸರ್..."

"ಅಯ್ಯೋ! ಇದು ಬಣ್ಣದ ಪುಡಿ ಕಣ್ರೀ! ಕಂಪ್ಯೂಟರ್ ಬಣ್ಣದ ಕಣಗಳನ್ನೆಲ್ಲ ಕ್ರಿಮಿ ಅಂತ ಎಣಿಸಿಬಿಟ್ಟಿದೆ. ಈ ತಾಯಿಗೆ ಏನೂ ಆಗಿಲ್ಲ!"

ಚಂದವ್ವನಿಗೆ ಇಷ್ಟು ಸಾಕಾಗಿತ್ತು. ಆ ಅರಳೆಯನ್ನು ಕಸಿದುಕೊಂಡು, ಗೆದ್ದ ಪೈಲ್ವಾನ ಗದೆ ಎತ್ತಿದಂತೆ ಎತ್ತಿ ಹಿಡಿದು ಮನೆಮನೆಯ ಮುಂದೆ ನಡೆದಳು.

"ಕಣ್ಣ ತೆರದು ನೋಡ್ರಿ! ಇದು ಬ್ಯಾನಿ ಅಲ್ಲ, ನನ್ನ ಬಣ್ಣ! ಒಂದೀಟು ಅರಳಿ ತಿಕ್ಕಿದ್ರ ಹ್ಯಾಂಗ ಬಳಬಳ ಬಂತು ನೋಡ್ರಿ! ಈರಪ್ಪಾ, ನೀನೂ ನೋಡೋ!"

ಗುರುಲಿಂಗವ್ವ ಕೂಸನ್ನು ತಂದು ಒಪ್ಪಿಸಿದಳು. ಮಾಯವ್ವ ತಾಯಿಯ ಕುತ್ತಿಗೆಗೆ ಜೋತುಬಿದ್ದಳು. ಈರಪ್ಪ ತಲೆ ತಗ್ಗಿಸಿ ಬಂದು ತನ್ನ ಲಡಿಗಳನ್ನು ಮತ್ತೆ ಆಕೆಯ ಹೊಸ್ತಿಲ ಬಳಿ ಇಟ್ಟ. ಬಂಡೆಪ್ಪ ಸಾವ್ಕಾರ ಮಾತ್ರ ಮುಂದೆ ಬಂದು, ಅರಳೆಯನ್ನು ಇಸಿದುಕೊಂಡು, ತನ್ನ ಬಿಳಿ ಧೋತರದ ಅಂಚಿಗೆ ಒಮ್ಮೆ ಒತ್ತಿ ನೋಡಿದ. ದುಂಡನೆಯ ಕೆಂಪು ಕಲೆ ಬಿತ್ತು.

"ಚಂದವ್ವಾ, ಇದು ನಿನ್ನ ಬಣ್ಣ ಖರೇನ?"

"ನನ್ನದs ರಿ ಸಾವ್ಕಾರ್ರ! ನನ್ನ ಕೂಸಿನ ಆಣಿ!"

"ಹಂಗಾದ್ರ ನಿನ್ನ ಬಣ್ಣ ಬಿಡ್ತೈತಿ."

ಓಣಿಯವರೆಲ್ಲ ಬಗ್ಗಿ ಸಾವ್ಕಾರನ ಧೋತರದ ಕಲೆ ನೋಡಿದರು.

"ಬೆರಳಿಗೆ ಹತ್ತಿದ್ದು ಬ್ಯಾರೆ, ಕುದಿಸಿದ ರೇಷ್ಮಿ ಬ್ಯಾರೇರಿ!" ಎಂದಳು ಚಂದವ್ವ.

"ಇರಬಹುದು ತಂಗಿ. ಆದ್ರ ನೀನs ಮನಿಮನಿಗೆ ಹೋಗಿ ತೋರಿಸಿದಿ. ಬಿಳಿ ತೆನಿಗೆ ಹತ್ತಿದ ಮ್ಯಾಲೆ ನಾ ಗಿರಾಕಿಗೆ ಏನ ಹೇಳ್ಲಿ?"

ಈರಪ್ಪ ಬಗ್ಗಿ ಲಡಿಗಳನ್ನು ಮತ್ತೆ ಎತ್ತಿಕೊಂಡ. ಈ ಸಲ ಕೋಲು ಬೇಕಾಗಲಿಲ್ಲ. ಬರಿಗೈಯಿಂದಲೇ ಬಾಚಿ ಬಗಲಿಗೆ ಇಟ್ಟುಕೊಂಡು ಹೋದ. ಸಾವ್ಕಾರನ ಆಳುಗಳು ರಾಶಿಯನ್ನು ಹೊತ್ತರು.

"ಜ್ವರ ಆಗಿದ್ರ ಗುಳಿಗಿನಾದ್ರೂ ಇರ್ತಿತ್ತಲ್ಲs ಯವ್ವಾ" ಎಂದು ಗುರುಲಿಂಗವ್ವ ಮತ್ತೆ ಕಣ್ಣು ಒರೆಸಿಕೊಂಡಳು.

ಜೀಪು ಆಗಲೇ ಹೊರಟಿತ್ತು. ಚಂದವ್ವ ಕೂಸನ್ನು ಬಗಲಲ್ಲಿ ಇಟ್ಟುಕೊಂಡೇ ಅದರ ಹಿಂದೆ ಓಡಿದಳು.

"ಸಾಹೇಬ್ರs, ನಿಲ್ರಿ! ನನಗ ಜ್ವರನs ಐತಂತ ಹೇಳಿ ಹೋಗ್ರಿ! ಆ ಮಶೀನ ಹೇಳಿದ್ದs ಖರೆ ಅಂತ ಹೇಳ್ರಿ!"

ಡಾಕ್ಟರು ಜೀಪಿನಿಂದ ತಲೆ ಹೊರಗೆ ಹಾಕಿ ತುಂಬು ಪ್ರೀತಿಯಿಂದ ನಕ್ಕ.

"ಹೆದರಬೇಡಿ ತಾಯಿ!" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದ. "ಅದೆಲ್ಲಾ ಬರೀ ನಿಮ್ಮ ಬಣ್ಣ!"