ಕಿರುಗುಟ್ಟದ ಗೇಟು

ಗೇಟಿಗೆ ನಾಲ್ಕು ಹನಿ ಎಣ್ಣೆ ಬಿಡುವ ಮುನ್ನ ನೈಟ್‌ಡ್ಯೂಟಿ ಯಾರನ್ನೂ ಕೇಳಲಿಲ್ಲ. ಇದರಲ್ಲಿ ಕೇಳುವುದೇನಿದೆ ಎಂದುಕೊಂಡದ್ದೇ ಅವನ ತಪ್ಪು.

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ನಾಲ್ಕು ಮನೆಗಳ ಆ ಕಟ್ಟಡದಲ್ಲಿ ಅದು ನೆನಪಿದ್ದದ್ದು ಕರೆಂಟು ಬಿಲ್ಲು ತರುವವನಿಗೆ ಮಾತ್ರ. ಉಳಿದವರಿಗೆಲ್ಲ ಅವನು ನೈಟ್‌ಡ್ಯೂಟಿ. ಊರಾಚೆಯ ಔಷಧಿ ಗೋದಾಮಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಕೂತು, ಅರ್ಧ ಗಂಟೆಗೊಮ್ಮೆ ತಂಪುಕೋಣೆಗಳ ಮೀಟರು ನೋಡಿ, ಗೋಡೆಯ ಮೇಲಿನ ಹಸಿರು ಗುಂಡಿ ಒತ್ತುವುದು ಅವನ ಕೆಲಸ. ಒತ್ತದಿದ್ದರೆ ಮ್ಯಾನೇಜರರ ಮನೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ. ಹದಿನೈದು ದಿನಗಳಲ್ಲಿ ಅದು ಎರಡು ಸಲ ಹೊಡೆದುಕೊಂಡಿತ್ತು. ಎರಡನೆಯ ಸಲ ಮ್ಯಾನೇಜರರು ಚಪ್ಪಲಿ ಅದಲುಬದಲು ಮಾಡಿಕೊಂಡು ಓಡಿಬಂದು, ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದವನನ್ನು ಅಲುಗಿಸಿ, "ಮೂರನೇ ಸಲ ಆದ್ರೆ ನಿಮ್ಮ ಜಾಗಕ್ಕೆ ಬೇರೆಯವರು ಬರ್ತಾರೆ" ಎಂದಿದ್ದರು.

ಹಗಲು ನಿದ್ದೆಯಾದರೆ ರಾತ್ರಿ ಕಣ್ಣು ಮುಚ್ಚುವುದಿಲ್ಲ. ಹಗಲು ನಿದ್ದೆಯಾಗದಂತೆ ನೋಡಿಕೊಳ್ಳುತ್ತಿದ್ದದ್ದು ಆ ಗೇಟು. ಅವನ ಕಿಟಕಿಯಿಂದ ಎರಡು ಮಾರು ದೂರದಲ್ಲಿ, ತುಕ್ಕು ಹಿಡಿದ ಕೀಲುಗಳ ಮೇಲೆ ನಿಂತಿದ್ದ ಅದು ಯಾರು ಬಂದರೂ ಕಿರ್ರ್ರ್ ಎನ್ನುತ್ತಿತ್ತು, ಯಾರು ಹೋದರೂ ಕೀಂಯ್ ಎನ್ನುತ್ತಿತ್ತು. ತಂಗಿಗೆ ಮಗುವಾಯಿತೆಂದು ಹೆಂಡತಿ ತವರಿಗೆ ಹೋಗಿ ವಾರವಾಗಿತ್ತು. ಮನೆಯಲ್ಲಿ ಬೇರೆ ಸದ್ದೇ ಇಲ್ಲದ್ದರಿಂದ ಗೇಟಿನದು ಇನ್ನೂ ಜೋರಾಗಿ ಕೇಳಿಸುತ್ತಿತ್ತು. ಅಂದು ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದವನೇ ಎದುರು ಕೋಣೆಯ ದರ್ಜಿಯಿಂದ ಹೊಲಿಗೆ ಯಂತ್ರದ ಎಣ್ಣೆ ಬುಡ್ಡಿ ಕೇಳಿ ತಂದು, ಎರಡೂ ಕೀಲುಗಳಿಗೆ ಧಾರಾಳವಾಗಿ ಬಿಟ್ಟ. ಗೇಟು ತೆಪ್ಪಗಾಯಿತು. ನೈಟ್‌ಡ್ಯೂಟಿ ಪರದೆ ಎಳೆದು ಹಾಯಾಗಿ ಕಾಲು ಚಾಚಿದ.

ಒಂಬತ್ತೂವರೆಗೆ ಯಾರೋ ಬಾಗಿಲು ಮುರಿದು ಹೋಗುವಂತೆ ಬಡಿದರು. ತೆರೆದರೆ ದರ್ಜಿ. ಅವನ ಕೊರಳಲ್ಲಿ ಟೇಪು, ಮೈಮೇಲೆ ಅವನದಲ್ಲದ ಒಂದು ಭರ್ಜರಿ ಕೋಟು.

"ಗೇಟಿಗೆ ಏನ್ ಮಾಡಿದ್ರಿ?"

"ಎಣ್ಣೆ ಹಾಕ್ದೆ. ಯಾಕೆ?"

"ನನ್ನ ಎಣ್ಣೆ ಈಸ್ಕೊಂಡು ನನ್ನ ಹೊಟ್ಟೆ ಮೇಲೇ ಹೊಡೆದ್ರಲ್ಲ ಸಾರ್!"

ದರ್ಜಿ ಗೇಟಿಗೆ ಬೆನ್ನು ಹಾಕಿ ಕೂರುವವನು. ಗೇಟು ಕಿರ್ರ್ರ್ ಎಂದೊಡನೆ ಒಮ್ಮೆ ಹಿಂದಿರುಗಿ ನೋಡಿ, ಬಂದ ಗಿರಾಕಿಯ ಬಟ್ಟೆಯನ್ನೇ ಯಂತ್ರಕ್ಕೆ ಕೊಟ್ಟು, "ನಿಮ್ಮದೇ ಹೊಲೀತಿದೀನಿ ನೋಡಿ" ಎನ್ನುವುದು ಅವನ ಇಪ್ಪತ್ತು ವರ್ಷಗಳ ಪದ್ಧತಿ. ಸಿದ್ಧವಾದ ಕೋಟನ್ನು ಒಮ್ಮೆ ತಾನೇ ತೊಟ್ಟು ಕನ್ನಡಿಯೆದುರು ಅತ್ತಿತ್ತ ಠೀವಿಯಿಂದ ನಡೆದು ನೋಡುವುದು ಇನ್ನೊಂದು ಪದ್ಧತಿ. ಇಂದು ಹಾಗೆ ನಡೆಯುತ್ತಿದ್ದಾಗ ಕನ್ನಡಿಯಲ್ಲಿ ಕೋಟಿನ ಒಡೆಯರೇ ಕಾಣಿಸಿಕೊಂಡರಂತೆ. "ಅವರು ನಾಳೆ ಮದುವೆಗೆ ಬೇರೆ ಕೋಟು ಕೊಂಡ್ಕೋತಾರಂತೆ. ಇದನ್ನ ನಾನೇ ಹಾಕ್ಕೋಬೇಕಂತೆ. ನನಗೆ ಯಾವ ಮದುವೆ ಇದೆ ಸಾರ್?"

ಅವನನ್ನು ಸಮಾಧಾನ ಮಾಡಿ ಕಳಿಸಿ, ಮತ್ತೆ ಕಣ್ಣು ಹತ್ತುವ ಹೊತ್ತಿಗೆ ಹನ್ನೊಂದು ಗಂಟೆ. ಈ ಸಲ ಬಾಗಿಲಲ್ಲಿ ಮೊದಲ ಮಹಡಿಯ ನಿವೃತ್ತ ಮೇಷ್ಟ್ರು ನಿಂತಿದ್ದರು. ಅವರ ಮೀಸೆಯ ಒಂದು ಬದಿಗೆ ಸಕ್ಕರೆ ಅಂಟಿಕೊಂಡಿತ್ತು.

"ಏನ್ರೀ, ನೀವು ಗೇಟಿನ ಬಾಯಿ ಮುಚ್ಚಿಸಿದ್ದೀರಂತೆ?"

ಮೇಷ್ಟ್ರಿಗೆ ಸಕ್ಕರೆ ಕಾಯಿಲೆ. ಅವರ ಹೆಂಡತಿ ತರಕಾರಿಗೆಂದು ಹೊರಟಾಗ ಗೇಟು ಒಮ್ಮೆ ಕೂಗುತ್ತಿತ್ತು, ಹಿಂತಿರುಗಿದಾಗ ಇನ್ನೊಮ್ಮೆ. ಆ ಎರಡು ಕೂಗುಗಳ ನಡುವೆ ಮೇಷ್ಟ್ರ ಜೀವನದ ಉಳಿದ ಸುಖವೆಲ್ಲ ಅಡಗಿತ್ತು. ಎರಡನೆಯ ಕೂಗಿಗೂ ಮನೆ ಬಾಗಿಲಿಗೂ ನಡುವೆ ಇಪ್ಪತ್ತೆರಡು ಮೆಟ್ಟಿಲು. ಸಕ್ಕರೆ ಡಬ್ಬಿ ಮುಚ್ಚಿ, ಚಮಚ ತೊಳೆದು, ಪೇಪರು ಹಿಡಿದು ಕೂರಲು ಬೇಕಾದಷ್ಟು ಸಮಯ. ಇಂದು ಚಮಚ ಬಾಯಲ್ಲಿದ್ದಾಗಲೇ ಹೆಂಡತಿ ಎದುರು ನಿಂತಿದ್ದರು.

"ಮೂವತ್ತಾರು ವರ್ಷ ಪಾಠ ಹೇಳಿದೀನಿ ಕಣ್ರೀ. ಒಬ್ಬ ಹುಡುಗನಿಗೂ ಹಾಗೆ ಬೈದಿಲ್ಲ, ಇವತ್ತು ಇವಳು ನನಗೆ ಬೈದ ಹಾಗೆ," ಎಂದರು ಮೇಷ್ಟ್ರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಡಬ್ಬಿಗೆ ಬೀಗ ಹಾಕ್ಬಿಟ್ಲು!"

ನೈಟ್‌ಡ್ಯೂಟಿ ಕೈ ಮುಗಿದ. "ಮೇಷ್ಟ್ರೇ, ಇವತ್ತು ನಿದ್ದೆ ಮಾಡದಿದ್ರೆ ನನ್ನ ಕೆಲಸ ಹೋಗತ್ತೆ. ಸಂಜೆ ಮಾತಾಡೋಣ."

ಸಂಜೆಯವರೆಗೆ ಕಾಯುವ ಯೋಗ ಅವನಿಗಿರಲಿಲ್ಲ. ಒಂದು ಗಂಟೆಗೆ ಮೇಲಿನ ಮಹಡಿಯ ಅಜ್ಜಿ ಗೋಡೆ ಹಿಡಿದುಕೊಂಡು ಇಳಿದು ಬಂದರು. ಬಂದವರೇ ಇಡೀ ಬೀದಿಗೆ ಕೇಳುವಂತೆ ಕಿರುಚಿದರು.

"ಮಗಾ! ನನ್ನ ಕಿವಿ ಹೋಯ್ತು ಕಣಪ್ಪಾ! ಪೂರ್ತಿ ಹೋಯ್ತು!"

"ಯಾವಾಗ ಅಜ್ಜಿ?"

"ಬೆಳಿಗ್ಗೆ ಎಂಟು ಗಂಟೆಯಿಂದ! ಮಗನಿಗೆ ಫೋನ್ ಮಾಡಿದೀನಿ. ಅರ್ಧ ದಿನ ರಜಾ ಹಾಕಿ ಬರ್ತಿದಾನೆ, ಡಾಕ್ಟರ ಹತ್ರ ಕರ್ಕೊಂಡ್ ಹೋಗೋಕೆ!"

"ಇವತ್ತು ಈ ಮುದುಕಿ ನನ್ನ ಸಾಯಿಸ್ತಾಳೆ," ಎಂದು ನೈಟ್‌ಡ್ಯೂಟಿ ತುಟಿ ಅಲುಗದಂತೆ ಗೊಣಗಿದ.

"ಯಾರೋ ಮುದುಕಿ?" ಎಂದರು ಅಜ್ಜಿ ತಕ್ಷಣ.

ಕಿವಿ ಚೆನ್ನಾಗಿಯೇ ಇದೆಯೆಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅಜ್ಜಿಗೆ ಕೇಳಿಸದೆ ಹೋದದ್ದು ಒಂದೇ ಸದ್ದು. ಎಣ್ಣೆಯ ಸಂಗತಿ ಹೇಳಿದಾಗ ಅವರು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಮೆಲ್ಲಗೆ ಹೇಳಿದರು.

"ನನಗೆ ಕಣ್ಣು ಮಂಜು ಕಣಪ್ಪ. ಸೊಸೆ ಗೇಟು ಮೆತ್ತಗೆ ತಳ್ತಾಳೆ, ಮಗ ಒಂದೇ ಏಟಿಗೆ ನೂಕ್ತಾನೆ, ನೀನು ಬೆಳಿಗ್ಗೆ ಬರುವಾಗ ಅರ್ಧ ತೆಗೆದು ನಿಂತು ಆಕಳಿಸ್ತೀಯ. ಎಲ್ಲರೂ ಒಳಗೆ ಬಂದ್ರು ಅಂತ ನನಗೆ ಗೊತ್ತಾಗೋದೇ ಅದರಿಂದ. ಇವತ್ತು ನೀನು ಬಂದ ಮೇಲೆ ಒಬ್ಬರೂ ಬರಲಿಲ್ಲ, ಒಬ್ಬರೂ ಹೋಗಲಿಲ್ಲ."

ನೈಟ್‌ಡ್ಯೂಟಿಗೆ ತುಂಬಾ ಪಿಚ್ಚೆನಿಸಿತು. ತನ್ನ ಆಕಳಿಕೆಗಾಗಿ ಒಬ್ಬರು ದಿನವೂ ಕಾದಿರುತ್ತಾರೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವನು ಬಕೆಟ್ಟು, ಸೋಪಿನ ಪುಡಿ, ಹಳೆಯ ಬ್ರಷ್ಷು ಹಿಡಿದು ಅಂಗಳಕ್ಕಿಳಿದ.

ಎಣ್ಣೆ ಹಾಕುವುದು ಎರಡು ನಿಮಿಷದ ಕೆಲಸ, ತೆಗೆಯುವುದು ಹಾಗಲ್ಲ. ಸೋಪು ನೀರಿಗೆ ಗೇಟು ಇನ್ನಷ್ಟು ನುಣ್ಣಗಾಯಿತು. ಸೀಮೆಎಣ್ಣೆಯಿಂದ ಒರೆಸಿದ, ಬಿಸಿನೀರು ಸುರಿದ, ಮರಳು ಉಜ್ಜಿದ. ದರ್ಜಿ ಕೋಟು ತೊಟ್ಟುಕೊಂಡೇ ಗೇಟು ಎತ್ತಿ ಹಿಡಿದ. ಕಿವಿ ಡಾಕ್ಟರಿಗಾಗಿ ಓಡಿಬಂದ ಅಜ್ಜಿಯ ಮಗ ವಿಷಯ ತಿಳಿದು, ಬಂದ ದಾರಿಯಲ್ಲೇ ಆಫೀಸಿಗೆ ಹಿಂತಿರುಗಿದ. ನಾಲ್ಕು ಗಂಟೆಗೆ ಗೇಟು ಮೊದಲ ಬಾರಿಗೆ ಕುಯ್ಯ್ ಎಂದಿತು.

"ಇದು ನಮ್ಮ ಗೇಟಲ್ಲ," ಎಂದರು ಅಜ್ಜಿ.

"ತೀರಾ ಸಣ್ಣ ದನಿ ಆಯ್ತು. ಮೊದಲ ಮಹಡಿಗೆ ತಲುಪಲ್ಲ," ಎಂದರು ಮೇಷ್ಟ್ರು.

"ಕೊನೇಲಿ ಒಂದು ಎಳೆತ ಇರ್ತಿತ್ತು ಸಾರ್, ಕಿರ್ರ್ರ್ ಅಂತ. ಅಷ್ಟರಲ್ಲಿ ನಾನು ದಾರ ಪೋಣಿಸ್ತಿದ್ದೆ," ಎಂದ ದರ್ಜಿ.

ಇನ್ನೊಂದು ಹಿಡಿ ಮರಳು ಬಿತ್ತು. ನೈಟ್‌ಡ್ಯೂಟಿ ಗೇಟು ತೆಗೆದ, ಹಾಕಿದ, ಮತ್ತೆ ತೆಗೆದ. ನೂರು ಸಲವಾದರೂ ಆಗಿರಬೇಕು. ತೋಳು ಬಿದ್ದುಹೋಗುವಂತಾಗಿತ್ತು, ನಿಂತಲ್ಲೇ ಎರಡು ಬಾರಿ ತೂಕಡಿಸಿ ಹಣೆಯನ್ನು ಕಂಬಿಗೆ ಬಡಿದುಕೊಂಡ. ಆರಕ್ಕೆ ಹತ್ತು ನಿಮಿಷವಿರುವಾಗ ಗೇಟು ಇದ್ದಕ್ಕಿದ್ದಂತೆ ಎದೆ ಝಲ್ಲೆನ್ನುವ ಹಾಗೆ ಕಿರ್ರ್ರ್ ಕೀಂಯ್ ಎಂದು ಅರಚಿತು. ಅಜ್ಜಿ ಅವನ ಕೆನ್ನೆ ಸವರಿದರು. ಮೇಷ್ಟ್ರು ಚಪ್ಪಾಳೆ ತಟ್ಟಿದರು.

ನೈಟ್‌ಡ್ಯೂಟಿ ಗಡಿಯಾರ ನೋಡಿದ. ಎಂಟಕ್ಕೆ ಬಸ್ಸು. ಒಂದೂವರೆ ಗಂಟೆಯಾದರೂ ಮಲಗಿದರೆ ಬದುಕಿಕೊಂಡೇನು ಎನಿಸಿತು. ಫೋನಿನಲ್ಲಿ ಏಳೂವರೆಗೆ ಅಲಾರಾಂ ಇಟ್ಟ. ಅದನ್ನೂ ನಂಬದೆ, ಮನೆಯ ಬೀಗದ ಕೈಯನ್ನು ಅಜ್ಜಿಗೆ ಕೊಟ್ಟ.

"ಏಳೂವರೆಗೆ ಎಬ್ಬಿಸಿ ಅಜ್ಜಿ. ಮರೀಬೇಡಿ."

"ನೀನು ನಿಶ್ಚಿಂತೆಯಾಗಿ ಮಲಗು ಮಗಾ," ಎಂದರು ಅಜ್ಜಿ.

ಹಾಸಿಗೆಗೆ ಬಿದ್ದದ್ದಷ್ಟೇ ಅವನಿಗೆ ಗೊತ್ತು.

ಎಚ್ಚರವಾದಾಗ ಮೈಯೆಲ್ಲ ಹಗುರವಾಗಿತ್ತು. ಇಷ್ಟು ಒಳ್ಳೆಯ ನಿದ್ದೆ ಬಂದು ಎಷ್ಟು ವರ್ಷವಾಯಿತೋ ಎಂದುಕೊಳ್ಳುತ್ತಾ ಪರದೆ ಸರಿಸಿದ. ಬಿಸಿಲು ಮುಖಕ್ಕೆ ಬಿತ್ತು. ಸಂಜೆಯ ಬಿಸಿಲು ಆ ಕಿಟಕಿಗೆ ಬರುವುದಿಲ್ಲ. ಒಂದೇ ನೆಗೆತಕ್ಕೆ ಹೋಗಿ ಬಾಗಿಲು ತೆರೆದ.

ಅಜ್ಜಿ, ಮೇಷ್ಟ್ರು, ದರ್ಜಿ ಮೂವರೂ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಅವನನ್ನು ಕಂಡು ಮೂವರ ಮುಖವೂ ಅರಳಿತು.

"ನಿದ್ದೆ ಆಯ್ತಾ?" ಎಂದು ದರ್ಜಿ ಪಿಸುಗುಟ್ಟಿದ. "ಯಂತ್ರ ಮುಟ್ಟಿಲ್ಲ ಸಾರ್. ಎಲ್ಲಾ ಕೈಯಲ್ಲೇ ಹೊಲಿದೆ."

"ಗೇಟು ಮುಟ್ಟೋಕೂ ಯಾರನ್ನೂ ಬಿಡಲಿಲ್ಲ," ಎಂದರು ಅಜ್ಜಿ. "ನನ್ನ ಮಗ ಗೋಡೆ ಹತ್ತಿ ಒಳಗೆ ಬಂದ. ಪ್ಯಾಂಟು ಹರ್ಕೊಂಡ, ಹೋಗ್ಲಿ. ಏಳೂವರೆಗೆ ನಿನ್ನ ಫೋನು ಬಡ್ಕೊಳ್ಳೋಕೆ ಶುರು ಮಾಡ್ತು. ಮೇಷ್ಟ್ರು ಬಂದು ಅದರ ಬಾಯಿ ಮುಚ್ಚಿಸಿ, ತಮ್ಮ ಹತ್ರಾನೇ ಇಟ್ಕೊಂಡ್ರು. ನಮಗೋಸ್ಕರ ದಿನವಿಡೀ ಒದ್ದಾಡಿದ ಮಗು. ಬಾಯಿ ತೆಗೆದು ಮಲಗಿದ್ದೆ ನೀನು. ಎಬ್ಬಿಸೋಕೆ ನನಗೆ ಮನಸ್ಸೇ ಬರಲಿಲ್ಲ ಕಣೋ."

"ಗೋದಾಮು..." ಎಂದ ನೈಟ್‌ಡ್ಯೂಟಿ.

"ಅದರ ಚಿಂತೆ ಬಿಡಿ," ಎಂದರು ಮೇಷ್ಟ್ರು. "ರಾತ್ರಿ ಒಂಬತ್ತೂವರೆಗೆ ನಿಮ್ಮ ಮ್ಯಾನೇಜರೇ ಫೋನ್ ಮಾಡಿದ್ರು. ನಾನೇ ಮಾತಾಡ್ದೆ. 'ಅವರು ಮಲಗಿದ್ದಾರೆ, ಯಾವ ಕಾರಣಕ್ಕೂ ಎಬ್ಬಿಸೋ ಹಾಗಿಲ್ಲ' ಅಂತ ಖಡಾಖಂಡಿತವಾಗಿ ಹೇಳ್ಬಿಟ್ಟೆ."

"ಅವರೇನಂದ್ರು?"

"ಬಹಳ ಒಳ್ಳೇ ಮನುಷ್ಯ ಕಣ್ರೀ! 'ಮಲಗಿದ್ದಾರಾ?' ಅಂತ ಎರಡು ಸಲ ಕೇಳಿದ್ರು. ಆಮೇಲೆ, 'ಮಲಗಲಿ ಬಿಡಿ. ಇವತ್ತೊಂದು ರಾತ್ರಿ ಯಾಕೆ, ನಾಳೆ ನಾಡಿದ್ದೂ ಮಲಗಲಿ. ಇನ್ಮೇಲೆ ಇಷ್ಟು ದೂರ ಬರೋ ತೊಂದರೇನೇ ಬೇಡ ಅಂತ ಹೇಳಿ' ಅಂದ್ರು. ಅದೆಂಥ ಅಭಿಮಾನ ನಿಮ್ಮ ಮೇಲೆ!"

ನೈಟ್‌ಡ್ಯೂಟಿ ಅಲ್ಲೇ ಹೊಸ್ತಿಲ ಮೇಲೆ ಕೂತು ಬಾಗಿಲ ಚೌಕಟ್ಟಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡ.

"ಶ್!" ಎಂದರು ಅಜ್ಜಿ, ತುಟಿಯ ಮೇಲೆ ಬೆರಳಿಟ್ಟು. "ಪಾಪ, ಇನ್ನೂ ನಿದ್ದೆ ಸಾಲಿಲ್ಲ ಅಂತ ಕಾಣತ್ತೆ. ಎಲ್ಲರೂ ಎದ್ದು ಮೆಲ್ಲಗೆ ಹೊರಡಿ."

ಮೂವರೂ ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ತಮ್ಮ ತಮ್ಮ ಮನೆಗೆ ಹೊರಟರು.