ರೇಡಾರ್ ಕಂಡ ಮಳೆ, ನಾನು ಹೇಳಿದ ಮಳೆ

ಮಳೆ ಸುದ್ದಿ ಹೇಳುವವನ ಬಾಳಿನಲ್ಲಿ ನಗೆಪಾಟಲಿಗೆ ಬರಗಾಲವಿಲ್ಲ. ಬೇರೆಯವರು ತಪ್ಪಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ನಾನು ತಪ್ಪಿದರೆ ಕತ್ತೆತ್ತಿ ನೋಡಿದವರಿಗೆಲ್ಲ ಗೊತ್ತಾಗುತ್ತದೆ.

ನೌಕರಿಯಲ್ಲಿದ್ದಾಗ ಕಡೂರು, ತರೀಕೆರೆ, ಅಜ್ಜಂಪುರ ಸುತ್ತಿ ಮಳೆಮಾಪಕಗಳನ್ನು ನೋಡಿಕೊಳ್ಳುತ್ತಿದ್ದೆ. ನಿವೃತ್ತಿಯಾದ ಮೇಲೆ ತರೀಕೆರೆಯಲ್ಲೇ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದು ಉಳಿದೆ. ಮದುವೆಯಾಗಲಿಲ್ಲ. ಹಿಂದಿರುಗಿ ಹೋಗೋಣ ಅನ್ನಿಸುವಂಥ ಊರೂ ಇರಲಿಲ್ಲ. ಹೀಗಿರುವಾಗ ದೋಣಿಯ ಹುಚ್ಚು ಹಿಡಿದ ನಾಲ್ವರು ಪರಿಚಯವಾದರು, ಒಬ್ಬಳು ಹುಡುಗಿ, ಮೂವರು ಹುಡುಗರು. ಹೆಬ್ಬೆ ಕಡೆಯ ಗುಡ್ಡಗಳಿಂದ ಇಳಿದು, ಕಾಡಿನ ಗಡಿ ದಾಟಿ ಬರುವ ಒಂದು ಹಳ್ಳ ಅವರಿಗೆ ಪ್ರಾಣ. ಆ ಹಳ್ಳ ಮಳೆ ಬಿದ್ದ ಕೆಲವೇ ಗಂಟೆಯಲ್ಲಿ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ನೀರು ಕಡಿಮೆಯಾದರೆ ದೋಣಿ ಬಂಡೆಗೆ ಉಜ್ಜುತ್ತದೆ, ಹೆಚ್ಚಾದರೆ ಜೀವಕ್ಕೇ ಸಂಚಕಾರ. ಹಾಗಾಗಿ ಅವರು ಹೊರಡುವ ಮೊದಲು ನಾನು ಫೋನಿನಲ್ಲಿ ರೇಡಾರ್ ಚಿತ್ರ ನೋಡಿ, ಗುಡ್ಡದ ಮೇಲೆ ಎಷ್ಟು ಸುರಿದಿರಬಹುದು, ಹಳ್ಳಕ್ಕೆ ಎಷ್ಟು ಬರಬಹುದು ಅಂತ ಲೆಕ್ಕ ಹಾಕಿ ಹೇಳಬೇಕು. ಹಸಿರು ಬಣ್ಣ ಅಂದರೆ ತುಂತುರು, ಹಳದಿ ಅಂದರೆ ಮಳೆ, ಕೆಂಪು ಅಂದರೆ ಧಾರಾಕಾರ.

ಪ್ರತಿ ಸಲವೂ ನಾನು "ಊಟ ಮಾಡ್ಕೊಂಡು ಹೋಗಿ" ಅನ್ನುತ್ತೇನೆ. ಅವರು "ಮುಂದಿನ ಸಲ ಸಾರ್" ಅನ್ನುತ್ತಾರೆ. ನನಗೆ ಬೇಕಾಗಿದ್ದು ಅದೊಂದೇ, ಒಂದು ದಿನ ಅವರ ಜೊತೆ ಕೂತು ಉಣ್ಣುವುದು. ಒಬ್ಬನೇ ಉಂಡು ಉಂಡು ನನಗೆ ಸಾಕಾಗಿತ್ತು.

ಒಬ್ಬೊಬ್ಬರ ದೋಣಿ

ಮೊದಲ ಸಲ ಅವರ ಜೀಪು ದೋಣಿಗಳನ್ನು ಹೊತ್ತು ಮನೆ ಮುಂದೆ ನಿಂತಾಗ ಕೆಳಗಿನ ಮನೆಯ ಓನರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

"ಬಾನಿ ಚೆನ್ನಾಗವೆ ಕಣ್ರೀ. ನಮ್ಮ ಹಸುಗೂ ಕಲಗಚ್ಚು ಇಡೋಕೆ ಒಂದು ಕೊಡ್ಸಿ."

"ಬಾನಿ ಅಲ್ಲಮ್ಮ, ದೋಣಿ."

"ದೋಣಿನಾ? ಮತ್ತೆ ಮೇಲೆಲ್ಲ ಮುಚ್ಚಿ ಮಧ್ಯ ಒಂದೇ ತೂತು ಬಿಟ್ಟವ್ರಲ್ಲ?"

"ಅದು ಕೂತ್ಕೊಳ್ಳೋಕೆ. ಒಂದ್ರಲ್ಲಿ ಒಬ್ರು."

ಓನರಮ್ಮ ದೋಣಿಗಳನ್ನು ನೋಡಿದರು, ಜೀಪಿನಲ್ಲಿದ್ದವರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಇಷ್ಟು ಜನ ಒಟ್ಟಿಗೆ ಬಂದು ಒಬ್ಬೊಬ್ರೇ ಕೂತ್ಕೊಂಡು ಹೋಗೋದಾ? ಹಂಗಾದ್ರೆ ಇವ್ರು ನಿಮ್ಮ ನೆಂಟ್ರೇ ಬಿಡಿ!"

ಒಣಗಿದ ಮಳೆ

ಅಜ್ಜಂಪುರದಿಂದ ಕಡೂರಿಗೆ ಹೋಗುವ ಬಸ್ಸಿನಲ್ಲಿ ರೇಡಾರ್ ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ರೈತರೊಬ್ಬರು ಬಗ್ಗಿದರು. "ಏನ್ರೀ ಅದು, ಕೆಂಪಗೆ?"

"ಮಳೆ. ಕಡೂರಿನ ಮೇಲೆ."

ಅವರು ತಕ್ಷಣ ಕಡೂರಿನ ಮನೆಗೆ ಫೋನು ಹಚ್ಚಿದರು. "ಲೇ, ಅಂಗಳದಾಗಿನ ರಾಗಿ ಬಾಚಿ ಒಳಗೆ ಹಾಕ್ರೋ! ಇಲ್ಲೊಬ್ರು ಸಾಹೇಬ್ರು ಮಳೆ ಹಿಡ್ಕೊಂಡು ಕೂತವ್ರೆ!" ಅವರ ಮನೆಯವರು ಬಾಚಿದ್ದು ನೋಡಿ ಪಕ್ಕದ ಮನೆಯವರು ಬಾಚಿದರಂತೆ, ಅವರನ್ನು ನೋಡಿ ಇಡೀ ಬೀದಿಯೇ ಬಾಚಿತಂತೆ. ಬಸ್ಸು ಕಡೂರು ಮುಟ್ಟಿದಾಗ ಕಣ್ಣು ಬಿಡಲಾಗದಂಥ ಬಿಸಿಲು.

ಮುಂದಿನ ವಾರ ಅದೇ ಬಸ್ಸಿನಲ್ಲಿ ಅವರೇ ಸಿಕ್ಕರು. "ಎಲ್ಲಿ ಸ್ವಾಮಿ ನಿಮ್ಮ ಮಳೆ?"

ನನಗೆ ಸುಳ್ಳು ಹೇಳಲು ಬರುವುದಿಲ್ಲ, ವಿವರಿಸಲು ಹೊರಟೆ. "ರೇಡಾರ್ ಮೇಲಿನ ಮೋಡ ನೋಡುತ್ತೆ ಯಜಮಾನ್ರೇ. ಮಳೆ ಮೇಲಿಂದ ಹೊರಟಿದ್ದು ನಿಜ. ಕೆಳಗಿನ ಗಾಳಿ ಬಿಸಿಯಾಗಿದ್ರೆ ಅದು ದಾರೀಲೇ ಒಣಗಿಹೋಗುತ್ತೆ."

"ಮಳೆ ಒಣಗ್ತಾ?" ಅಂದರು ಅವರು. "ಅತ್ಲಾಗೆ ಮಳೆ ಒಣಗ್ತು, ಇತ್ಲಾಗೆ ನಮ್ಮ ರಾಗಿ ಒಣಗಲಿಲ್ಲ!"

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಕಡೂರಿನಲ್ಲಿ ಇಳಿದ ಮೇಲೆ, ಅಷ್ಟು ಜನರ ಜೊತೆ ನಕ್ಕು ಎಷ್ಟು ಕಾಲವಾಗಿತ್ತು ಅಂತ ಯೋಚಿಸುತ್ತಾ ಸ್ಟ್ಯಾಂಡಿನಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ಫೋನು ಸರಿಯಾಗಿದೆಯಾ?

ರೇಡಾರ್ ಇರುವುದು ಬಹಳ ದೂರದಲ್ಲಿ. ಗುಡ್ಡದ ಮರೆಯಲ್ಲಿ ಬೀಳುವ ಮಳೆ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಗುಡ್ಡದ ಬುಡದಲ್ಲಿ ಟೀ ಅಂಗಡಿ ಇಟ್ಟಿರುವ ಅಕ್ಕನಿಗೆ ಫೋನು ಮಾಡಿ ಕೇಳುತ್ತೇನೆ. "ಅಕ್ಕ, ಮಳೆ ಬರ್ತಿದೆಯಾ?" ಅಂದರೆ ಮಳೆ ಒಂದು ಬಿಟ್ಟು ಎಲ್ಲ ಹೇಳುತ್ತಾರೆ. ಬೆಕ್ಕು ಮರಿ ಹಾಕಿದ್ದು, ಹಾಲು ಒಡೆದಿದ್ದು, ಸೊಸೆ ಮುನಿಸಿಕೊಂಡಿದ್ದು. ನಾನು ಅಡ್ಡ ಬಾಯಿ ಹಾಕುವುದಿಲ್ಲ. ಆ ಇಡೀ ದಿನ ನನ್ನ ಮನೆಯಲ್ಲಿ ಕೇಳಿಸುವ ಮಾತು ಅದೊಂದೇ.

ಮಳೆಗಾಲ ಮುಗಿಯಿತು. ಚಳಿ ಹೋಗಿ ಬೇಸಿಗೆಯೂ ಬಂತು. ಒಂದು ಮಧ್ಯಾಹ್ನ ಫೋನು ಮಾಡಿದಾಗ ಅಕ್ಕ ಕೇಳಿಯೇಬಿಟ್ಟರು. "ಸಾರ್, ಈ ಉರಿಬಿಸಿಲಲ್ಲಿ ಯಾವ ಮಳೆ ಕೇಳ್ತೀರ?"

"ಮಳೆಗಲ್ಲ ಅಕ್ಕ. ಫೋನು ಸರಿಯಾಗಿದೆಯಾ ನೋಡೋಣ ಅಂತ."

"ಸರಿಯಾಗೈತೆ ಸಾರ್. ನಿನ್ನೆ ನೀವು ನೋಡ್ದಾಗ್ಲೂ ಸರಿಯಾಗೇ ಇತ್ತು, ಮೊನ್ನೆ ನೋಡ್ದಾಗ್ಲೂ ಸರಿಯಾಗೇ ಇತ್ತು."

ಯಾರು ಯಾರನ್ನು ಹೊರಬೇಕು

ಮತ್ತೆ ಮಳೆಗಾಲ ಬಂತು. ಒಂದು ಶನಿವಾರ ಗುಡ್ಡದ ಮೇಲೆ ರೇಡಾರ್ ತುಂಬ ಕೆಂಪು. "ಬನ್ನಿ, ಹಳ್ಳ ತುಂಬುತ್ತೆ" ಅಂತ ಅವರಿಗೆ ಹೇಳಿದೆ. ಮಳೆ ಸುರಿದದ್ದು ನಿಜ, ಆದರೆ ಗುಡ್ಡದ ಏಣಿನ ಆಚೆ ಮಗ್ಗುಲಿಗೆ. ಆ ನೀರೆಲ್ಲ ಲಕ್ಕವಳ್ಳಿ ಡ್ಯಾಮಿನ ದಾರಿ ಹಿಡಿಯಿತು. ಈಚೆಯ ಹಳ್ಳದಲ್ಲಿ ಪಾದ ನೆನೆಯುವಷ್ಟೂ ನೀರಿಲ್ಲ. ಪಾಪ, ಆ ನಾಲ್ವರು ದೋಣಿಗಳನ್ನು ಹೆಗಲ ಮೇಲೆ ಹೊತ್ತು ಕಲ್ಲುಗಳ ಮೇಲೆ ಎಡವುತ್ತಾ ನಡೆದರಂತೆ. ದಡದಲ್ಲಿ ಕುರಿ ಮೇಯಿಸುತ್ತಿದ್ದವರೊಬ್ಬರು ಬಹಳ ಹೊತ್ತು ನೋಡಿ, "ಅಲ್ರಪ್ಪಾ, ದೋಣಿ ನಿಮ್ಮನ್ನ ಹೊರಬೇಕಾ, ನೀವು ದೋಣಿನಾ?" ಅಂದರಂತೆ.

ಸಂಜೆ ಹುಡುಗಿ ಫೋನು ಮಾಡಿದಳು. "ಸಾರ್, ಇನ್ನೊಂದು ಸಲ ಹೀಗಾದ್ರೆ ನಾವು ಬೇರೆ ಹೊಳೆ ನೋಡ್ಕೊತೀವಿ. ಬೇಜಾರು ಮಾಡ್ಕೋಬೇಡಿ." ಬೇಜಾರಿಲ್ಲ ಅಂದೆ. ನಿಜ ಹೇಳಬೇಕೆಂದರೆ ಆ ರಾತ್ರಿ ಊಟ ಸೇರಲಿಲ್ಲ.

ಗಂಗಮ್ಮನ ಹೆಲ್ಮೆಟ್

ಅದಾದ ಮೇಲೆ ನಾನು ಬಾಯಿ ಬಿಡಲು ಹೆದರುತ್ತಿದ್ದೆ. ರೇಡಾರ್ ನೋಡಿ, ಅಕ್ಕನ ಬೆಕ್ಕಿನ ಕಥೆಯನ್ನೆಲ್ಲ ಕೇಳಿ, ಹಳ್ಳದ ಸೇತುವೆಗೆ ನಾನೇ ಸ್ಕೂಟರಿನಲ್ಲಿ ಹೋಗಿ ಬಗ್ಗಿ ನೋಡಿ, ಕೊನೆಗೆ "ಭಾನುವಾರ ಬನ್ನಿ" ಅಂದೆ. ಈ ಸಲ ನೀರು ಹದವಾಗಿ ಬಂತು. ಈ ಸಲವಾದರೂ ಊಟಕ್ಕೆ ನಿಲ್ಲಬಹುದು ಅಂತ ಕುಕ್ಕರಿನಲ್ಲಿ ಐದು ಜನಕ್ಕಾಗುವಷ್ಟು ಅಕ್ಕಿ ಇಟ್ಟೆ.

ಅವರಿಗೂ ನನಗೂ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ಹಳ್ಳ ಹೋಗಿ ಸೇರುವ ಕೆರೆ ಅದೇ ಮಳೆಗೆ ತುಂಬಿ ಕೋಡಿ ಬಿದ್ದಿತ್ತು. ಕೆರೆ ತುಂಬಿದರೆ ಹೆಂಗಸರು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟು ಗಂಗಮ್ಮನಿಗೆ ಬಾಗಿನ ಬಿಡುತ್ತಾರೆ. ಕೆರೆ ದಡದ ಊರಿನವರು ಬಾಗಿನಕ್ಕೆ ಭಾನುವಾರವನ್ನೇ ಗೊತ್ತು ಮಾಡಿದ್ದರು.

ಮೊದಲ ಮೊರ ನೀರಿಗೆ ಬಿಡುವ ಹೊತ್ತಿಗೂ ಉಳಿದವರಿಗಿಂತ ಮುಂದಿದ್ದ ಹುಡುಗಿಯ ದೋಣಿ ಕೆರೆಗೆ ಬಂದು ಮಗುಚುವ ಹೊತ್ತಿಗೂ ಸರಿಹೋಯಿತು. ಮಗುಚಿದ ದೋಣಿಯನ್ನು ಕೂತಲ್ಲಿಂದಲೇ ಹುಟ್ಟು ಬೀಸಿ ಎತ್ತುವ ವಿದ್ಯೆ ಅವಳಿಗೆ ಗೊತ್ತು. ಎದ್ದಳು. ಎದ್ದದ್ದು ತೇಲುತ್ತಿದ್ದ ಬಾಗಿನದ ಅಡಿಯಲ್ಲೇ, ಮೊರ ಅವಳ ದೋಣಿಯ ಮೇಲೇ ಇತ್ತು.

ದಡದಲ್ಲಿ ಒಬ್ಬ ಅಜ್ಜಿ ಕೈ ಮುಗಿದರು. "ಗಂಗಮ್ಮ ಎದ್ಲು ಕಣೇ!"

"ಗಂಗಮ್ಮ ಹೆಲ್ಮೆಟ್ ಹಾಕ್ತಾಳೇನಮ್ಮಾ?" ಅಂದಳು ಪಕ್ಕದಲ್ಲಿದ್ದ ಅವರ ಸೊಸೆ.

ದಡಕ್ಕೆ ಬಂದವಳಿಗೆ ಊರಿನ ಮೊದಲ ಪ್ರಶ್ನೆ, "ಯಾರ ಕಡೆಯವಳಮ್ಮ ನೀನು?" ಅವಳಿಗೆ ಈ ಕಡೆ ಯಾರೂ ಇಲ್ಲ. "ತರೀಕೆರೆ ಮಳೆ ಸಾರ್ ಕಡೆ" ಅಂದು ನನ್ನ ನಂಬರನ್ನೂ ಕೊಟ್ಟುಬಿಟ್ಟಳು. ಕುಕ್ಕರು ಕೂಗುವಷ್ಟರಲ್ಲಿ ಊರ ಗೌಡರ ಫೋನು ಬಂತು.

"ಸ್ವಾಮಿ, ನಿಮ್ಮ ಹುಡ್ಗಿ ನಮ್ಮ ಕೆರೆಗೆ ಬಿದ್ದವ್ಳೆ. ಗಾಬರಿ ಬೇಡ, ಎದ್ದವ್ಳೆ. ಬಾಗಿನ ತಗೊಂಡ ಮೇಲೆ ಊರ ಮಗಳು, ಉಣ್ಣದೆ ಕಳ್ಸಂಗಿಲ್ಲ. ಮನೆ ಹಿರಿಯರು ಅಂತ ನೀವೂ ಬರ್ಬೇಕು."

ನಿಮ್ಮ ಹುಡುಗಿ, ಮನೆ ಹಿರಿಯರು. ಇಂಥ ಮಾತು ನನಗೆ ಯಾರೂ ಹೇಳಿರಲಿಲ್ಲ. ಮಾಡಿದ ಅನ್ನ ಬಿಟ್ಟುಬರಲು ಮನಸ್ಸಾಗದೆ ಕುಕ್ಕರನ್ನೂ ಸ್ಕೂಟರಿಗೆ ಕಟ್ಟಿಕೊಂಡು ಹೋದೆ. ಗೌಡರು ಅದನ್ನು ನೋಡಿ, "ಊಟಕ್ಕೆ ಕರೆದ್ರೆ ಅನ್ನ ಹೊತ್ಕೊಂಡು ಬರೋರ್ನ ಇವತ್ತೇ ನೋಡಿದ್ದು" ಅಂದರು. ಮನೆಯ ಹೆಣ್ಣುಮಗಳನ್ನು ನೀರಿಗೆ ಬಿಟ್ಟು ಮನೆಯಲ್ಲಿ ಕೂತಿದ್ದಕ್ಕೆ ಅಜ್ಜಿಯಿಂದ ಚೆನ್ನಾಗಿ ಬೈಸಿಕೊಂಡೆ. ಆ ಬೈಗುಳ ಅನುಭವಿಸುತ್ತಾ ನಿಂತೆ.

ದೇವಸ್ಥಾನದ ಅಂಗಳದಲ್ಲಿ ಎಲೆ ಹಾಕಿದರು. ಆ ನಾಲ್ವರ ನಡುವೆ ನನ್ನನ್ನು ಕೂರಿಸಿದರು. ಪಲ್ಯ ಬಂತು, ಕೋಸಂಬರಿ ಬಂತು, ಅನ್ನ ಸಾರು ಬಂತು. ಹುಡುಗಿ ಪಶ್ಚಿಮದ ಮೋಡ ನೋಡಿ ಚಡಪಡಿಸಿದಳು. "ಸಾರ್, ಸ್ವಲ್ಪ ರೇಡಾರ್ ನೋಡಿ. ಮಳೆ ಬರೋ ಹಾಗಿದ್ರೆ ಈಗ್ಲೇ ಎದ್ದು ಹೊರಟುಬಿಡ್ತೀವಿ."

ಎಡಗೈಯಲ್ಲಿ ಫೋನು ತೆಗೆದು ನೋಡಿದೆ. ನಮ್ಮ ನೆತ್ತಿಯ ಮೇಲೆ ಅಂಗೈಯಗಲ ಕೆಂಪು.

"ಏನೂ ಇಲ್ಲ. ನಿಧಾನಕ್ಕೆ ಊಟ ಮಾಡಿ" ಅಂದೆ.

ಇನ್ನೊಂದು ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಆಕಾಶ ಕಳಚಿ ಬಿತ್ತು. ಎಲೆಯಲ್ಲಿ ಸಾರು ಯಾವುದು, ಮಳೆ ಯಾವುದು ತಿಳಿಯದಾಯಿತು. ಪಂಕ್ತಿಯಲ್ಲಿ ಕೂತವರು ನಡುವೆ ಏಳುವಂತಿಲ್ಲ ಅಂತ ಯಾರೂ ಏಳಲಿಲ್ಲ.

"ನಿಮ್ಮ ಮಿಶನ್ನು ಸರಿ ಇಲ್ಲ ಕಣ್ರೀ!" ಅಂತ ಗೌಡರು ಆ ತುದಿಯಿಂದ ಕೂಗಿದರು.

ಹುಡುಗಿ ಮುಖ ಒರೆಸಿಕೊಂಡು ನನ್ನ ಫೋನಿಗೆ ಬಗ್ಗಿದಳು. "ಸಾರ್, ಇಷ್ಟು ಕೆಂಪಿದೆಯಲ್ಲ!"

"ಇದೆ."

"ಮತ್ತೆ ಯಾಕೆ ಏನೂ ಇಲ್ಲ ಅಂದ್ರಿ?"

"ಹೋಳಿಗೆ ಇನ್ನೂ ಬಂದಿರಲಿಲ್ಲಮ್ಮ" ಅಂದೆ.